ಶಾಂತಿ ಸಭೆಯ ಫೋಟೊದಲ್ಲಿ ಇಲ್ಲದವರು

ಗಣೇಶ ಚತುರ್ಥಿ, ಮೊಹರಂ, ಈದ್ ಮಿಲಾದ್ ಹತ್ತಿರ ಬಂದಾಗಲೆಲ್ಲ ಕಲಬುರಗಿಯ ಪತ್ರಿಕೆಗಳ ಒಳಪುಟದಲ್ಲಿ ಒಂದೇ ಬಗೆಯ ಫೋಟೊ ಬರುತ್ತದೆ. ಪೊಲೀಸ್ ಠಾಣೆಯ ಅಂಗಳ, ಶಾಮಿಯಾನದ ನೆರಳು, ಮೇಜಿನ ಹಿಂದೆ ಅಧಿಕಾರಿಗಳು, ಎದುರಿನ ಕುರ್ಚಿಗಳಲ್ಲಿ ‘ಎಲ್ಲ ಸಮಾಜದ ಮುಖಂಡರು’. ಕೆಳಗೆ ಒಂದು ಸಾಲು: ಹಬ್ಬದ ನಿಮಿತ್ತ ಶಾಂತಿ ಸಭೆ ಜರುಗಿತು. ಈ ಫೋಟೊಗಳನ್ನು ನೋಡಿದಾಗಲೆಲ್ಲ ನಾನು ಹೆಂಗಸರನ್ನು ಹುಡುಕುತ್ತೇನೆ. ಅಂಚಿನಲ್ಲಿ ನಿಂತ ಮಹಿಳಾ ಕಾನ್‌ಸ್ಟೆಬಲ್ ಒಬ್ಬರು ಕಂಡರೆ ಕಂಡರು. ಕುರ್ಚಿಯಲ್ಲಿ ಕುಳಿತವರು ಅಪರೂಪ.

ಗಲಾಟೆ ನಡೆದೇಬಿಟ್ಟರೆ ಈ ಲೆಕ್ಕ ತಿರುಗುಮುರುಗಾಗುತ್ತದೆ. ನಿಷೇಧಾಜ್ಞೆ ಬಿದ್ದ ಓಣಿಯಲ್ಲಿ ಮಗುವಿಗೆ ಹಾಲು ಹುಡುಕಿ ತರುವವಳು, ರಾತ್ರಿ ಜೀಪಿನಲ್ಲಿ ಎತ್ತಿಕೊಂಡು ಹೋದ ಮಗನಿಗಾಗಿ ಠಾಣೆಯ ಗೇಟಿನ ಮುಂದೆ ಕೂರುವವಳು, ವಕೀಲರ ಫೀಸಿಗೆ ಕೊರಳಿನ ಬಂಗಾರ ಒತ್ತೆ ಇಡುವವಳು, ‘ಇನ್ನು ಆ ಓಣಿ ದಾಟಿ ಶಾಲೆಗೆ ಹೋಗುವುದು ಬೇಡ’ ಎನ್ನಿಸಿಕೊಂಡು ಏಳನೆಯ ತರಗತಿಗೆ ಓದು ಮುಗಿಸುವವಳು, ಎಲ್ಲರೂ ಹೆಣ್ಣುಮಕ್ಕಳೇ. ಜಗಳದ ಖರ್ಚನ್ನೆಲ್ಲ ಹೊರುವವರನ್ನು ಜಗಳ ತಡೆಯುವ ಸಭೆಗೆ ಯಾರೂ ಕರೆಯುವುದಿಲ್ಲ. ನಾನು ಇಲ್ಲಿ ಹೇಳಬೇಕೆಂದಿರುವ ಸಂಗತಿಯ ಒಂದು ತುದಿ ಇದು. ಇನ್ನೊಂದು ತುದಿ ನಮ್ಮ ಊರಿನಿಂದ ಬಹು ದೂರದಲ್ಲಿದೆ.

2023ರ ಜುಲೈ ಕೊನೆಯ ವಾರ ಆಳಂದ ತಾಲೂಕಿನ ಒಂದು ಹಳ್ಳಿಯಲ್ಲಿ ಮಹಿಳಾ ಸಂಘದ ಸಭೆಗೆ ಹೋಗಿದ್ದೆ. ಮಣಿಪುರದಲ್ಲಿ ಕುಕಿ ಹೆಣ್ಣುಮಕ್ಕಳನ್ನು ಬೆತ್ತಲೆ ಮೆರವಣಿಗೆ ಮಾಡಿದ ವಿಡಿಯೊ ಆಗಷ್ಟೇ ಎಲ್ಲರ ಮೊಬೈಲಿಗೂ ಬಂದಿತ್ತು. ಉಳಿತಾಯದ ಲೆಕ್ಕ ಮುಗಿದಿತ್ತು, ಆದರೆ ಯಾರೂ ಏಳಲಿಲ್ಲ. ಅರವತ್ತು ದಾಟಿದ ಒಬ್ಬ ಹಿರಿಯರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದರು: ‘ಯವ್ವಾ, ಆ ಊರಿನಲ್ಲಿ ಸಂಘ ಇರಲಿಲ್ಲವೇ? ಇದ್ದಿದ್ದರೆ ಅವರೆಲ್ಲ ಅವತ್ತು ಎಲ್ಲಿದ್ದರು?’

ನನ್ನಲ್ಲಿ ಆಗ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಹಿಡಿದುಕೊಂಡೇ ನಾನು ಮಣಿಪುರದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದು.

ಸಂಘ ಇತ್ತು. ನಮ್ಮ ಬೀದರ, ಕಲಬುರಗಿ, ಯಾದಗಿರಿಗಳಲ್ಲಿ ಎಂದೂ ಇಲ್ಲದಷ್ಟು ಗಟ್ಟಿಯಾದ ಸಂಘಟನೆ ಅಲ್ಲಿನ ಹೆಂಗಸರಲ್ಲಿ ನೂರು ವರ್ಷಗಳಿಗೂ ಹಿಂದಿನಿಂದ ಇತ್ತು. ಮಣಿಪುರಿ ಭಾಷೆಯಲ್ಲಿ ‘ನುಪಿ ಲಾನ್’ ಎಂದರೆ ಹೆಂಗಸರ ಯುದ್ಧ. ಮೊದಲ ನುಪಿ ಲಾನ್ 1904ರಲ್ಲಿ. ಬ್ರಿಟಿಷ್ ಅಧಿಕಾರಿಗಳ ಸುಟ್ಟ ಬಂಗಲೆಗಳನ್ನು ಕಟ್ಟಲು ಊರಿನ ಗಂಡಸರನ್ನು ಬಿಟ್ಟಿ ದುಡಿಮೆಗೆ ಎಳೆದಾಗ ಇಂಫಾಲದ ಹೆಂಗಸರು ಬೀದಿಗಿಳಿದರು. ನಿಜಾಮರ ಕಾಲದ ಬಿಟ್ಟಿ ಬೇಗಾರಿಯ ಕಥೆಗಳನ್ನು ಅಜ್ಜಂದಿರ ಬಾಯಿಂದ ಕೇಳಿದ ನಮ್ಮವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದು 1939ರ ಡಿಸೆಂಬರಿನಲ್ಲಿ. ಊರಿನಲ್ಲಿ ಉಣ್ಣಲು ಅಕ್ಕಿಯಿಲ್ಲ, ವ್ಯಾಪಾರಿಗಳು ಮಾತ್ರ ಹೊರಗೆ ಸಾಗಿಸುತ್ತಿದ್ದರು. ಮಾರುಕಟ್ಟೆಯ ಹೆಂಗಸರು ಅಧಿಕಾರಿಗಳನ್ನು ತಂತಿ ಕಚೇರಿಯಲ್ಲಿ ಸುತ್ತುವರಿದು ಕೂಡಿಹಾಕಿದರು. ಡಿಸೆಂಬರ್ 12 ಇಂದಿಗೂ ಅಲ್ಲಿ ನುಪಿ ಲಾನ್ ದಿನ.

1970ರ ದಶಕದ ಕೊನೆಗೆ ಅದೇ ಹೆಂಗಸರು ಹೆಂಡದ ವಿರುದ್ಧ ನಿಂತರು. ರಾತ್ರಿ ಕಂದೀಲು ಹಿಡಿದು ಓಣಿ ಓಣಿ ಸುತ್ತಿ ಕುಡುಕರನ್ನು ಹಿಡಿದು ನಾಚಿಸುತ್ತಿದ್ದರು, ಭಟ್ಟಿಗಳನ್ನು ಒಡೆಯುತ್ತಿದ್ದರು. ‘ನಿಶಾಬಂದಿ’ ಎಂದು ಅದಕ್ಕೆ ಹೆಸರು. 1980ರಲ್ಲಿ ಇಡೀ ಮಣಿಪುರವನ್ನು ‘ಪ್ರಕ್ಷುಬ್ಧ ಪ್ರದೇಶ’ ಎಂದು ಸಾರಿ, 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯನ್ನು ರಾಜ್ಯದುದ್ದಕ್ಕೂ ಹೇರಿದಾಗ ರಾತ್ರಿಯ ಭಯದ ಮೂಲ ಬದಲಾಯಿತು. ಈಗ ಬಾಗಿಲು ಬಡಿಯುತ್ತಿದ್ದವರು ಸೈನಿಕರು. ಕಂದೀಲಿನ ಜಾಗಕ್ಕೆ ದೀವಟಿಗೆ ಬಂತು. ‘ಮೈರಾ ಪೈಬಿ’ ಎಂದರೆ ದೀವಟಿಗೆ ಹಿಡಿದವಳು. ಸೈನಿಕರು ಓಣಿಗೆ ಬಂದರೆ ಒಬ್ಬಾಕೆ ಕಲ್ಲು ತೆಗೆದುಕೊಂಡು ವಿದ್ಯುತ್ ಕಂಬಕ್ಕೆ ಬಡಿಯುತ್ತಾಳೆ. ಸದ್ದು ಕೇಳಿದ ಪಕ್ಕದ ಓಣಿಯವಳು ತನ್ನ ಕಂಬಕ್ಕೆ ಬಡಿಯುತ್ತಾಳೆ. ಕೆಲವೇ ನಿಮಿಷಗಳಲ್ಲಿ ನೂರಾರು ಹೆಂಗಸರು ಹೊರಗಿರುತ್ತಾರೆ. ಯಾರನ್ನು ಕರೆದೊಯ್ಯುತ್ತಿದ್ದೀರಿ, ಯಾವ ಆದೇಶದ ಮೇಲೆ ಎಂದು ಕೇಳುತ್ತಾರೆ.

ಹೆಂಡದಿಂದ ಹಕ್ಕಿಗೆ ಬಂದ ಈ ದಾರಿ ನಮಗೂ ಪರಿಚಿತ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದ ಮೇಲೂ ಕಿರಾಣಿ ಅಂಗಡಿಯ ಹಿಂಬಾಗಿಲಿನಲ್ಲಿ ಸಿಗುವ ಮದ್ಯದ ಪ್ಯಾಕೆಟ್‌ಗಳ ವಿರುದ್ಧ ಹೋರಾಡಿಯೇ ನಮ್ಮ ಎಷ್ಟೋ ಸಂಘಗಳು ಠಾಣೆಯ ಮೆಟ್ಟಿಲು ಹತ್ತಲು ಕಲಿತವು. 2019ರ ಜನವರಿಯಲ್ಲಿ ರಾಯಚೂರಿನಂಥ ನಮ್ಮ ಸೀಮೆಯ ಜಿಲ್ಲೆಗಳ ಹೆಂಗಸರು ಮುಂದಾಗಿ, ಸಾವಿರಾರು ಮಂದಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದು ಮದ್ಯ ನಿಷೇಧ ಕೇಳಿದರು. ದಾರಿಯಲ್ಲಿ ಅಪಘಾತದಲ್ಲಿ ಒಬ್ಬ ತಾಯಿ ತೀರಿಕೊಂಡರು. ನಿಷೇಧ ಬರಲಿಲ್ಲ. ಆದರೆ ಕೂಲಿ ಬಿಟ್ಟು, ಗಂಡನ ಮಾತು ಮೀರಿ ಅಷ್ಟು ದೂರ ನಡೆದವರು ಮುಂದೆ ಪಡಿತರಕ್ಕೂ ಉದ್ಯೋಗ ಖಾತ್ರಿ ಕೂಲಿಗೂ ದನಿ ಎತ್ತುವುದನ್ನು ನಾನು ಕಂಡಿದ್ದೇನೆ. ಮನೆಯೊಳಗಿನ ಹೊಡೆತವನ್ನು ಪ್ರಶ್ನಿಸಲು ಕಲಿತವಳು ಮನೆಯ ಹೊರಗಿನ ಹೊಡೆತವನ್ನೂ ಪ್ರಶ್ನಿಸುತ್ತಾಳೆ. ಎಲ್ಲ ಮಹಿಳಾ ಸಂಘಟನೆಗಳ ಹುಟ್ಟು ಹೆಚ್ಚುಕಡಿಮೆ ಹೀಗೇ.

ಮಣಿಪುರದ ಹೆಂಗಸರು ಸಾಧಿಸಿದ್ದು ಸಣ್ಣದಲ್ಲ. 2000ದ ನವೆಂಬರಿನಲ್ಲಿ ಮಾಲೋಮ್ ಎಂಬಲ್ಲಿ ಬಸ್ಸಿಗೆ ಕಾಯುತ್ತಿದ್ದ ಹತ್ತು ಜನ ಗುಂಡಿಗೆ ಬಲಿಯಾದ ಮೇಲೆ, ವಿಶೇಷಾಧಿಕಾರ ಕಾಯ್ದೆ ರದ್ದಾಗಲೆಂದು ಇರೋಮ್ ಶರ್ಮಿಳಾ ಉಪವಾಸ ಕುಳಿತರು. ಮೂಗಿಗೆ ನಳಿಕೆ ಹಾಕಿ ಆಹಾರ ಕೊಟ್ಟು ಅವರನ್ನು 16 ವರ್ಷ ಬದುಕಿಸಿ ಇಟ್ಟರು. 2004ರ ಜುಲೈಯಲ್ಲಿ ತಂಗ್ಜಾಮ್ ಮನೋರಮಾ ಎಂಬ ಯುವತಿಯನ್ನು ಮನೆಯಿಂದ ಕರೆದೊಯ್ದು ಕೊಂದಾಗ, ಹನ್ನೆರಡು ಮಂದಿ ತಾಯಂದಿರು ಅಸ್ಸಾಂ ರೈಫಲ್ಸ್ ನೆಲೆಯಾಗಿದ್ದ ಕಾಂಗ್ಲಾ ಕೋಟೆಯ ಬಾಗಿಲಿನಲ್ಲಿ ಬಟ್ಟೆ ಕಳಚಿ ನಿಂತರು. ಅದನ್ನು ನೆನೆದರೆ ನನಗೆ ಇಂದಿಗೂ ಮೈ ನಡುಗುತ್ತದೆ. ನಮ್ಮಲ್ಲಾದರೆ ಸೊಸೆಯಂದಿರ ಮುಂದೆ ತಲೆಯ ಮೇಲಿನ ಸೆರಗು ಜಾರಬಾರದೆಂದು ಬದುಕುವ ವಯಸ್ಸಿನವರು ಅವರು. ಮರುತಿಂಗಳು ಇಂಫಾಲ ನಗರದ ಏಳು ವಿಧಾನಸಭಾ ಕ್ಷೇತ್ರಗಳಿಂದ ವಿಶೇಷಾಧಿಕಾರ ಕಾಯ್ದೆ ತೆರವಾಯಿತು. ಆ ವರ್ಷದ ನವೆಂಬರಿನಲ್ಲಿ ಅಸ್ಸಾಂ ರೈಫಲ್ಸ್ ಕಾಂಗ್ಲಾ ಕೋಟೆಯನ್ನು ಬಿಟ್ಟುಕೊಟ್ಟಿತು.

ಇವೆರಡೂ ಜಗತ್ತಿಗೆ ಗೊತ್ತಿರುವ ಹೋರಾಟಗಳು. ನನಗೆ ಇವುಗಳಿಗಿಂತ ಹೆಚ್ಚು ಕಲಿಸಿದ್ದು ವಿಧವೆಯರ ಹೋರಾಟ. ಎನ್‌ಕೌಂಟರ್ ಹೆಸರಿನಲ್ಲಿ ಗಂಡಂದಿರನ್ನು ಕಳೆದುಕೊಂಡ ಹೆಂಗಸರು ಒಬ್ಬೊಬ್ಬರಾಗಿ ಹುಡುಕಿಕೊಂಡು ಒಂದುಗೂಡಿದರು. ‘ಉಗ್ರನ ಹೆಂಡತಿ’ ಎಂಬ ಹಣೆಪಟ್ಟಿಯಿಂದಾಗಿ ನೆರೆಯವರೂ ಮಾತಾಡಿಸದ ಹೆಂಗಸರು ಅವರು. ಮನೆ ಮನೆ ತಿರುಗಿ ಸತ್ತವರ ಹೆಸರು, ದಿನ, ಜಾಗ ಬರೆದುಕೊಂಡರು. 2012ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಟ್ಟ ಅರ್ಜಿಯಲ್ಲಿ 1979ರಿಂದ ನಡೆದ 1,528 ಸಾವುಗಳ ಪಟ್ಟಿಯಿತ್ತು. ಕೋರ್ಟ್ 2013ರ ಆರಂಭದಲ್ಲಿ ಆರು ಪ್ರಕರಣಗಳನ್ನು ಆಯ್ದು ಪರಿಶೀಲಿಸಲು ಮೂವರ ಆಯೋಗ ನೇಮಿಸಿತು. ಅದರ ಅಧ್ಯಕ್ಷರು ನಮ್ಮ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ. ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಅಜಯ್ ಕುಮಾರ್ ಸಿಂಗ್ ಕೂಡ ಸದಸ್ಯರಾಗಿದ್ದರು. ಆರರಲ್ಲಿ ಒಂದೂ ನಿಜವಾದ ಎನ್‌ಕೌಂಟರ್ ಅಲ್ಲ ಎಂದು ಆಯೋಗ ವರದಿ ಕೊಟ್ಟಿತು. 2016ರ ಜುಲೈಯಲ್ಲಿ ಸುಪ್ರೀಂ ಕೋರ್ಟ್, ಪ್ರಕ್ಷುಬ್ಧ ಪ್ರದೇಶದಲ್ಲೂ ಮಿತಿಮೀರಿ ಬಲ ಬಳಸಿದವರು ವಿಚಾರಣೆಯಿಂದ ಪೂರ್ತಿ ಪಾರಾಗುವಂತಿಲ್ಲ ಎಂದಿತು. ಮರುವರ್ಷ ಸಿಬಿಐ ತನಿಖೆಗೆ ಆದೇಶಿಸಿತು.

ಹಾಡು, ಘೋಷಣೆ, ದೀವಟಿಗೆ ಎಲ್ಲವೂ ಬೇಕು. ಆದರೆ ಒಂದು ರೂಲು ಪುಸ್ತಕದಲ್ಲಿ ಹೆಸರು ಮತ್ತು ದಿನಾಂಕ ಬರೆದಿಟ್ಟ ಹೆಣ್ಣಿನ ಮುಂದೆ ಸರ್ಕಾರ ತಲೆ ಬಾಗಿಸಬೇಕಾಯಿತು. ನಮ್ಮ ಸಂಘಗಳಲ್ಲಿ ಸಾಲದ ಕಂತನ್ನು ಒಂದು ರೂಪಾಯಿ ತಪ್ಪದಂತೆ ಬರೆಯುವ ಹುಡುಗಿಯರಿದ್ದಾರೆ. ಅವರ ಕೈಯಲ್ಲಿ ಎಂಥ ಶಕ್ತಿಯಿದೆ ಎಂದು ಅವರಿಗೆ ನಾವು ಹೇಳಿಕೊಟ್ಟಿಲ್ಲ.

ಇಷ್ಟೆಲ್ಲ ಇದ್ದ ನಾಡಿನಲ್ಲೇ 2023ರ ಮೇ 3ರಂದು ಕಣಿವೆಯ ಮೈತೇಯಿ ಮತ್ತು ಬೆಟ್ಟದ ಕುಕಿ ಸಮುದಾಯಗಳ ನಡುವೆ ಬೆಂಕಿ ಹೊತ್ತಿತು. ಸತ್ತವರು 250ಕ್ಕೂ ಹೆಚ್ಚು, ಮನೆ ಬಿಟ್ಟವರು ಸುಮಾರು 60 ಸಾವಿರ. ಆ ವಿಡಿಯೊದ ಘಟನೆ ಮೇ 4ರದು. ದೇಶ ಅದನ್ನು ನೋಡಿದ್ದು ಎರಡೂವರೆ ತಿಂಗಳ ನಂತರ, ಜುಲೈ 19ರಂದು. ಆ ಹಿರಿಯರ ಪ್ರಶ್ನೆಯ ಕಠಿಣ ಭಾಗ ಇಲ್ಲಿದೆ. ಮೈರಾ ಪೈಬಿಯರು ಅವತ್ತೂ ಬೀದಿಯಲ್ಲಿದ್ದರು, ಆದರೆ ತಮ್ಮ ಮೈತೇಯಿ ಸಮುದಾಯದ ಕಾವಲಿಗೆ. 2023ರ ಜೂನ್‌ನಲ್ಲಿ ಇಂಫಾಲ ಪೂರ್ವ ಜಿಲ್ಲೆಯ ಇಥಾಮ್ ಹಳ್ಳಿಯಲ್ಲಿ ಸೇನೆ ಹನ್ನೆರಡು ಮಂದಿ ಉಗ್ರರನ್ನು ಹಿಡಿದಾಗ, ಹೆಂಗಸರ ಮುಂದಾಳ್ತನದಲ್ಲಿ ಸಾವಿರಕ್ಕೂ ಹೆಚ್ಚು ಜನ ಸುತ್ತುವರಿದರು. ಸೇನೆ ಅವರನ್ನು ಬಿಟ್ಟು ಹಿಂದಿರುಗಬೇಕಾಯಿತು. ತನ್ನನ್ನು ಗಂಡಸರ ಕೈಗೆ ಒಪ್ಪಿಸಿದವರು ಹೆಂಗಸರೇ ಎಂದು ಕುಕಿ ಯುವತಿಯೊಬ್ಬಳು ದೂರಿದಳು. ಬೆಟ್ಟದ ಕಡೆ ಕುಕಿ ಹೆಂಗಸರೂ ರಸ್ತೆಗೆ ಅಡ್ಡ ಕುಳಿತರು, ತಮ್ಮವರ ಕಾವಲಿಗೆ. ಮಕ್ಕಳನ್ನು ಸೈನಿಕರಿಂದ ಉಳಿಸಿಕೊಳ್ಳಲು ನಲವತ್ತು ವರ್ಷ ಕಲಿತ ಕಲೆಯೇ ಈಗ ನೆರೆಯವರ ಮಕ್ಕಳನ್ನು ಕೊಂದವರನ್ನು ಉಳಿಸಲು ಬಳಕೆಯಾಯಿತು.

‘ಹೆಣ್ಣು ಸಹಜವಾಗಿ ಶಾಂತಿಪ್ರಿಯೆ’ ಎಂದು ಭಾಷಣ ಮಾಡುವವರು ಈ ಅಧ್ಯಾಯವನ್ನು ದಾಟಿ ಮುಂದೆ ಹೋಗಬಾರದು. ಮೈರಾ ಪೈಬಿಯರ ಬಲ ‘ಇಮಾ’ ಎಂಬ ಮಾತಿನಲ್ಲಿತ್ತು. ಇಮಾ ಎಂದರೆ ತಾಯಿ. ತಾಯಿಯ ಮೇಲೆ ಲಾಠಿ ಎತ್ತಲು ಸಿಪಾಯಿಯ ಕೈ ಹಿಂಜರಿಯುತ್ತದೆ. ಆದರೆ ತಾಯಿ ಎಂದ ಕೂಡಲೇ ಯಾರ ತಾಯಿ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಸಂಘಟನೆ ಕಟ್ಟಿದ್ದು ಓಣಿ ಓಣಿಯಾಗಿ. ಒಂದು ಓಣಿಯಲ್ಲಿ ಒಂದೇ ಸಮುದಾಯವಿತ್ತು. ಇಂಫಾಲದ ಇಮಾ ಕೈಥೆಲ್ ಎಂಬ ತಾಯಂದಿರ ಸಂತೆಯಲ್ಲಿ ಸಾವಿರಾರು ಹೆಂಗಸರು ಅಂಗಡಿ ಹಾಕುತ್ತಾರೆ. ಅಲ್ಲಿ ಕಣಿವೆಯವರೂ ಬೆಟ್ಟದವರೂ ಕೊಡುಕೊಳ್ಳುವಿಕೆಯ ನಂಟು ಇಟ್ಟುಕೊಂಡಿದ್ದರು. ಆದರೆ ಸಂತೆಯ ನಂಟನ್ನು ಯಾರೂ ಸಂಘಟನೆಯ ನಂಟಾಗಿ ಮಾಡಲಿಲ್ಲ. ಗಡಿ ಬಿದ್ದ ದಿನ ಕುಕಿಗಳು ಕಣಿವೆಗೆ ಇಳಿಯಲಾಗಲಿಲ್ಲ, ಮೈತೇಯಿಗಳು ಬೆಟ್ಟಕ್ಕೆ ಹತ್ತಲಾಗಲಿಲ್ಲ. 16 ವರ್ಷ ಉಪವಾಸ ಮಾಡಿದ ಶರ್ಮಿಳಾ 2017ರ ಚುನಾವಣೆಯಲ್ಲಿ ನಿಂತಾಗ ಬಿದ್ದ ಮತ 90. ತ್ಯಾಗವನ್ನು ಪೂಜಿಸುವ ಸಮಾಜ ತ್ಯಾಗ ಮಾಡಿದವಳ ಮಾತನ್ನು ಕೇಳಬೇಕಾಗಿಲ್ಲ ಎಂದುಕೊಳ್ಳುತ್ತದೆ. ನಮ್ಮಲ್ಲೂ ‘ತಾಯಿ’ ಎಂದು ಕಾಲಿಗೆ ಬಿದ್ದವರೇ ‘ನಿನಗೇನು ತಿಳಿಯುತ್ತದೆ, ಒಳಗೆ ಹೋಗು’ ಎನ್ನುತ್ತಾರೆ.

ಪಕ್ಕದ ನಾಗಾ ಜನರಲ್ಲಿ ಇದಕ್ಕೆ ಇನ್ನೊಂದು ಮಾದರಿ ಸಿಗುತ್ತದೆ. ತಂಗ್‌ಖುಲ್ ನಾಗಾಗಳಲ್ಲಿ ‘ಪುಖ್ರೇಲಾ’ ಎಂಬ ಹಳೆಯ ಸಂಪ್ರದಾಯವಿತ್ತು. ಒಂದು ಹಳ್ಳಿಯಲ್ಲಿ ಹುಟ್ಟಿ ಇನ್ನೊಂದು ಹಳ್ಳಿಗೆ ಮದುವೆಯಾಗಿ ಹೋದವಳು ಆಕೆ. ಎರಡು ಹಳ್ಳಿಗಳ ನಡುವೆ ಕಾದಾಟವಾದಾಗ ಅವಳು ನಡುವೆ ಬಂದು ನಿಂತರೆ ಯಾರೂ ಅವಳ ಮೇಲೆ ಕೈ ಮಾಡುವಂತಿರಲಿಲ್ಲ. ತವರಿನ ಅಣ್ಣ ಅತ್ತ, ಮನೆಯ ಗಂಡ ಇತ್ತ. ಯಾರು ಸತ್ತರೂ ಅವಳಿಗೇ ನಷ್ಟ, ಆದ್ದರಿಂದ ಅವಳ ಮಾತಿಗೆ ಎರಡೂ ಕಡೆ ಬೆಲೆ. ತವರು ಮತ್ತು ಗಂಡನ ಮನೆ ಎರಡಕ್ಕೂ ಸಲ್ಲಬೇಕಾದ ಕಷ್ಟವನ್ನು ನಮ್ಮ ಬೀಸುಕಲ್ಲಿನ ಪದಗಳು ತಲೆಮಾರುಗಳಿಂದ ಹಾಡಿವೆ. ಆ ಕಷ್ಟದಲ್ಲೇ ಒಂದು ಅಧಿಕಾರವೂ ಅಡಗಿದೆ ಎಂದು ನಾಗಾಗಳು ಕಂಡುಕೊಂಡಿದ್ದರು. 1984ರಲ್ಲಿ ಶುರುವಾದ ನಾಗಾ ಮದರ್ಸ್ ಅಸೋಸಿಯೇಷನ್ 1994ರಲ್ಲಿ ‘ಇನ್ನು ರಕ್ತ ಹರಿಸಬೇಡಿ’ ಎಂಬ ಅಭಿಯಾನ ಕಟ್ಟಿದಾಗ ಆ ಹಳೆಯ ಅಧಿಕಾರವನ್ನೇ ಹೊಸ ಕಾಲಕ್ಕೆ ತಂದಿತು. ಪರಸ್ಪರ ಕೊಲ್ಲುತ್ತಿದ್ದ ನಾಗಾ ಬಂಡುಕೋರ ಬಣಗಳ ಶಿಬಿರಗಳಿಗೆ ಹೋಗಿ, ಸತ್ತವನು ಯಾವ ಬಣದವನಾದರೂ ಸರಿ, ನಮ್ಮ ಮಗ ಎಂದರು.

ನಮ್ಮ ಸೀಮೆಯೇನು ಯುದ್ಧಭೂಮಿಯೇ ಎಂದು ಕೇಳುವವರಿರಬಹುದು. ಒಂದು ಕಾಲಕ್ಕೆ ಆಗಿತ್ತು. ಅದನ್ನು ನಾವು ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದೇವೆ, ಅವರವರ ಅರ್ಧವನ್ನು ಅವರವರು. 1948ರ ಮೇ ತಿಂಗಳಿನಲ್ಲಿ ಬೀದರ ಜಿಲ್ಲೆಯ ಗೋರ್ಟಾ ಹಳ್ಳಿಯಲ್ಲಿ ನಿಜಾಮರ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರು ನಡೆಸಿದ ಹತ್ಯಾಕಾಂಡದ ನೆನಪು ಒಂದು ಕಡೆ ಇದೆ. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಸಮಯದಲ್ಲಿ ಮತ್ತು ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯ ನೆನಪು ಇನ್ನೊಂದು ಕಡೆ ಇದೆ. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಗೆ ಹಳ್ಳಿ ಹಳ್ಳಿ ತಿರುಗಿ ಬರೆದ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ ಮತ್ತು ನಾಂದೇಡ್ ಎಂದು ಅದು ಹೇಳುತ್ತದೆ. ಈ ನಾಲ್ಕರಲ್ಲೇ ಸತ್ತವರು 18 ಸಾವಿರಕ್ಕೆ ಕಡಿಮೆಯಿಲ್ಲ ಎಂದು ಅಂದಾಜು ಮಾಡುತ್ತದೆ. ಹೆಂಗಸರನ್ನು ಅಪಹರಿಸಿ ಸೊಲ್ಲಾಪುರ, ನಾಗಪುರದವರೆಗೆ ಒಯ್ದದ್ದನ್ನೂ ಅದು ದಾಖಲಿಸಿದೆ.

ಆ ಹೆಂಗಸರಲ್ಲಿ ಎಷ್ಟು ಜನ ಹಿಂದಿರುಗಿದರು, ಹಿಂದಿರುಗಿದವರನ್ನು ಮನೆಯವರು ಒಳಗೆ ಕರೆದುಕೊಂಡರೇ? ಗೋರ್ಟಾದ ವಿಧವೆಯರು ಆಮೇಲೆ ಯಾರ ಹೊಲದಲ್ಲಿ ದುಡಿದು ಮಕ್ಕಳನ್ನು ಸಾಕಿದರು? ಪ್ರತಿ ಸೆಪ್ಟೆಂಬರ್ 17ರಂದು ನಾವು ಧ್ವಜ ಹಾರಿಸುತ್ತೇವೆ. 2019ರಲ್ಲಿ ಸೀಮೆಯ ಹೆಸರನ್ನೇ ಕಲ್ಯಾಣ ಕರ್ನಾಟಕ ಎಂದು ಬದಲಿಸಿಕೊಂಡೆವು. ಭಾಷಣಗಳಲ್ಲಿ ಈ ಹೆಂಗಸರು ಬರುವುದು ಕೇವಲ ‘ನಮ್ಮ ಹೆಣ್ಣುಮಕ್ಕಳ ಮಾನ’ ಎಂಬ ಮಾತಿನಲ್ಲಿ, ಇನ್ನೊಬ್ಬರ ಮೇಲೆ ಸಿಟ್ಟು ಎಬ್ಬಿಸಲು. ಎರಡೂ ಕಡೆಯ ಅಜ್ಜಿಯರನ್ನು ಒಂದೇ ಜಮಖಾನೆಯ ಮೇಲೆ ಕೂರಿಸಿ ಕೇಳಿದವರು ನನಗೆ ಸಿಕ್ಕಿಲ್ಲ. ಈಗ ಕೇಳಬೇಕೆಂದರೂ ಆ ಪೀಳಿಗೆ ಉಳಿದಿಲ್ಲ. ಇದು ನನಗೆ ಹೊಟ್ಟೆಯಲ್ಲಿ ಕಲ್ಲಿನಂತೆ ಕುಳಿತಿರುವ ದುಃಖ.

ಇದಕ್ಕೂ ಹಿಂದಿನ ಇನ್ನೊಂದು ನೆನಪು ಬಸವಕಲ್ಯಾಣದ ನೆಲದಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಹೊತ್ತಿ ಉರಿದಾಗ ಬಸವಣ್ಣನವರ ಅಕ್ಕ ನಾಗಮ್ಮ ಶರಣರ ಜೊತೆ ವಚನದ ಕಟ್ಟುಗಳನ್ನು ಕಾಪಾಡುತ್ತ ಉಳವಿಯ ಕಡೆ ನಡೆದರು ಎಂದು ನಂಬಿಕೊಂಡು ಬಂದಿದ್ದೇವೆ. ಕಲಹದ ನಡುವೆ ಹೆಣ್ಣು ಕಾಪಾಡಿದ್ದನ್ನೇ ನಾವು ಎಂಟು ನೂರು ವರ್ಷಗಳಿಂದ ಓದುತ್ತಿದ್ದೇವೆ.

ಸಂಘಗಳ ಮಾತಿಗೆ ಹಿಂದಿರುಗುತ್ತೇನೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ 1989ರಲ್ಲಿ ಮಹಿಳಾ ಸಮಖ್ಯಾ ಎಂಬ ಸರ್ಕಾರಿ ಕಾರ್ಯಕ್ರಮ ಶುರುವಾದಾಗ ಕರ್ನಾಟಕದಲ್ಲಿ ಆಯ್ದ ಮೊದಲ ಮೂರು ಜಿಲ್ಲೆಗಳಲ್ಲಿ ಬೀದರ ಒಂದು. ಮುಂದೆ ಅದು ಕಲಬುರಗಿಗೂ ಬಂತು. ಅದರ ಸಂಘಗಳಲ್ಲಿ ಸಾಲ ಮುಖ್ಯವಾಗಿರಲಿಲ್ಲ, ಮಾತು ಮುಖ್ಯವಾಗಿತ್ತು. ಹೆಂಗಸರು ವಾರಕ್ಕೊಮ್ಮೆ ಕೂಡಬೇಕು, ತಮ್ಮ ಕಷ್ಟಕ್ಕೆ ತಾವೇ ಹೆಸರಿಡಬೇಕು, ಏನು ಮಾಡಬೇಕೆಂದು ತಾವೇ ತೀರ್ಮಾನಿಸಬೇಕು. ಹೆಚ್ಚಿನ ಸದಸ್ಯೆಯರು ದಲಿತ ಓಣಿಯ ಕೂಲಿ ಹೆಂಗಸರು. ಬಾಲ್ಯವಿವಾಹ ನಿಲ್ಲಿಸಿದ್ದು, ದೇವದಾಸಿ ಬಿಡುವುದನ್ನು 1982ರ ಕಾಯ್ದೆಯ ಹೆಸರು ಹೇಳಿ ತಡೆದದ್ದು, ಕನಿಷ್ಠ ಕೂಲಿ ಕೇಳಿದ್ದು ಆ ಹೆಂಗಸರ ಬಾಯಿಂದಲೇ ಕೇಳಿದ್ದೇನೆ. 2016ರ ಹೊತ್ತಿಗೆ ಕೇಂದ್ರದ ಅನುದಾನ ನಿಂತಿತು. ಈಗ ಉಳಿದಿರುವ ಗುಂಪುಗಳಲ್ಲಿ ಬಹುಪಾಲು ಉಳಿತಾಯ ಮತ್ತು ಸಾಲದ ಗುಂಪುಗಳು. ಸಾಲ ಬೇಡವೆಂದು ನಾನು ಹೇಳಲಾರೆ. ಬಿತ್ತನೆಯ ಹೊತ್ತಿಗೆ ತೊಗರಿ ಬೀಜಕ್ಕೂ ಮಗಳ ಹೆರಿಗೆಗೂ ಅದೇ ಆಸರೆ. ಆದರೆ ಸಾಲದ ಗುಂಪಿನ ಸಭೆ ಕಂತಿನಿಂದ ಶುರುವಾಗಿ ಕಂತಿನಲ್ಲೇ ಮುಗಿಯುತ್ತದೆ. ಕಂತು ತಪ್ಪಿದವಳ ಮನೆಯ ಮುಂದೆ ಉಳಿದವರು ಹೋಗಿ ಕೂರಬೇಕಾದಾಗ, ಒಬ್ಬರಿಗೊಬ್ಬರು ಆಗಬೇಕಾದವರೇ ಒಬ್ಬರನ್ನೊಬ್ಬರು ಕಾಯುವ ಕಾವಲುಗಾರರಾಗುತ್ತಾರೆ. ಇನ್ನೂ ಒಂದು ತೊಡಕು ಇದೆ: ಒಂದು ಗುಂಪಿನಲ್ಲಿ ಒಂದೇ ಓಣಿಯವರು, ಎಂದರೆ ಸಾಮಾನ್ಯವಾಗಿ ಒಂದೇ ಜಾತಿ, ಒಂದೇ ಧರ್ಮದವರು. ಮೈರಾ ಪೈಬಿಯರ ಓಣಿಗಳ ಕಥೆ ಇಲ್ಲಿ ನೆನಪಾಗದೇ ಇರದು.

‘ಶಾಂತಿ’ ಎಂಬ ಮಾತಿಗೆ ನಮ್ಮ ಹಳ್ಳಿಗಳಲ್ಲಿ ಇರುವ ಅರ್ಥವನ್ನೂ ಇಲ್ಲಿ ಹೇಳಲೇಬೇಕು. 2024ರಲ್ಲಿ ಯಾದಗಿರಿ ಜಿಲ್ಲೆಯ ಹುಣಸಗಿ ತಾಲೂಕಿನ ಒಂದು ಹಳ್ಳಿಯಲ್ಲಿ ದಲಿತ ಬಾಲಕಿಯ ಮೇಲಿನ ದೌರ್ಜನ್ಯಕ್ಕೆ ಪೋಕ್ಸೊ ದೂರು ದಾಖಲಾಯಿತು. ದೂರು ಕೊಟ್ಟದ್ದಕ್ಕೆ ಓಣಿಗೆ ಓಣಿಯೇ ಬಹಿಷ್ಕಾರಕ್ಕೆ ಗುರಿಯಾಯಿತು. ಕಿರಾಣಿ ಸಾಮಾನು ಕೊಡುವಂತಿಲ್ಲ, ಮಕ್ಕಳಿಗೆ ಪೆನ್ನು ಪುಸ್ತಕ ಮಾರುವಂತಿಲ್ಲ. ಇಂಥ ಹೊತ್ತಿನಲ್ಲಿ ಊರಿನ ಹಿರಿಯರು ಬಳಸುವ ಮಾತನ್ನು ನಾನು ಹಲವು ಊರುಗಳಲ್ಲಿ ಕೇಳಿದ್ದೇನೆ: ‘ಊರು ಶಾಂತವಾಗಿರಲಿ, ರಾಜಿ ಮಾಡಿಕೊಳ್ಳಿ.’ ಹಾಗೆ ಹೇಳುವವರಿಗೆ ದೌರ್ಜನ್ಯ ನಡೆದ ದಿನ ಊರು ಶಾಂತವಾಗಿಯೇ ಇತ್ತು. ದೂರು ಕೊಟ್ಟ ದಿನ ಶಾಂತಿ ಕೆಟ್ಟಿತು. ಹೆಣ್ಣಿನ ಬಾಯಿ ಮುಚ್ಚಿಸಿ ಪಡೆದದ್ದನ್ನು ಶಾಂತಿ ಎಂದು ಕರೆಯುವ ರೂಢಿ ಇರುವವರೆಗೆ, ಹಕ್ಕು ಕೇಳುವ ಸಂಘಟನೆಯನ್ನೂ ಶಾಂತಿಯ ಕೆಲಸವನ್ನೂ ಬೇರೆ ಬೇರೆ ಎಂದುಕೊಂಡರೆ ನಾವು ಮೋಸ ಹೋಗುತ್ತೇವೆ. ಮಣಿಪುರದ ವಿಧವೆಯರು ರಾಜಿಗೆ ಒಪ್ಪಿದ್ದರೆ ಆ 1,528 ಹೆಸರುಗಳು ಎಲ್ಲಿಯೂ ಇರುತ್ತಿರಲಿಲ್ಲ.

ಜಗತ್ತಿನ ಮಟ್ಟದಲ್ಲಿ ಈ ಮಾತಿಗೆ ಒಂದು ದಾಖಲೆಯಿದೆ. 2000ದ ಅಕ್ಟೋಬರ್ 31ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1325ನೆಯ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿತು. ಸಂಘರ್ಷ ತಡೆಯುವಲ್ಲಿ, ಶಾಂತಿ ಮಾತುಕತೆಯಲ್ಲಿ, ಪುನರ್ವಸತಿಯಲ್ಲಿ ಹೆಂಗಸರು ತೀರ್ಮಾನ ತೆಗೆದುಕೊಳ್ಳುವ ಜಾಗದಲ್ಲಿ ಇರಬೇಕು ಎಂದು ಅದು ಹೇಳುತ್ತದೆ. ಆಚರಣೆ ಬಹಳ ಹಿಂದೆ ಬಿದ್ದಿದೆ: 1992ರಿಂದ 2019ರವರೆಗಿನ ಪ್ರಮುಖ ಶಾಂತಿ ಮಾತುಕತೆಗಳಲ್ಲಿ ಸಂಧಾನಕಾರರ ಪೈಕಿ ಹೆಂಗಸರು ಶೇ 13, ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಶೇ 6. ಭಾರತ 2007ರಲ್ಲಿ ಲೈಬೀರಿಯಾಕ್ಕೆ ಮಹಿಳಾ ಪೊಲೀಸ್ ತುಕಡಿ ಕಳಿಸಿ ಇತರ ದೇಶಗಳಿಗೆ ದಾರಿ ತೋರಿಸಿತು. ದೇಶದೊಳಗೆ ಈ ನಿರ್ಣಯವನ್ನು ಜಾರಿಗೊಳಿಸುವ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಮಾತ್ರ ಮಾಡಿಕೊಳ್ಳಲಿಲ್ಲ.

ಆ ಲೈಬೀರಿಯಾದಲ್ಲೇ 2003ರಲ್ಲಿ ಲೇಮಾ ಬೋವೀ ಅವರ ಮುಂದಾಳ್ತನದಲ್ಲಿ ಕ್ರೈಸ್ತ ಮತ್ತು ಮುಸ್ಲಿಂ ಹೆಂಗಸರು ಅಂತರ್ಯುದ್ಧ ನಿಲ್ಲಲೆಂದು ಬಿಳಿ ಬಟ್ಟೆಯುಟ್ಟು ಮೀನು ಮಾರುಕಟ್ಟೆಯ ಬಳಿಯ ಬಯಲಿನಲ್ಲಿ ಬಿಸಿಲು ಮಳೆ ಎನ್ನದೆ ಕುಳಿತರು. ಘಾನಾದಲ್ಲಿ ಮಾತುಕತೆ ಎಳೆದಾಡುತ್ತಿದ್ದಾಗ ಸಭಾಂಗಣದ ಬಾಗಿಲಿಗೆ ಅಡ್ಡ ಕುಳಿತು, ಒಪ್ಪಂದವಾಗದೆ ಯಾರೂ ಹೊರಗೆ ಬರುವಂತಿಲ್ಲ ಎಂದರು. ಉತ್ತರ ಐರ್ಲೆಂಡಿನಲ್ಲಿ 1996ರಲ್ಲಿ ಕ್ಯಾಥೊಲಿಕ್ ಮೋನಿಕಾ ಮ್ಯಾಕ್‌ವಿಲಿಯಮ್ಸ್ ಮತ್ತು ಪ್ರೊಟೆಸ್ಟಂಟ್ ಪರ್ಲ್ ಸೇಗರ್ ಸೇರಿ ಮಹಿಳೆಯರದೇ ಪಕ್ಷ ಕಟ್ಟಿದರು. ಅವರಿಗೆ ಸಿಕ್ಕ ಮತ ಶೇ 1ರಷ್ಟು. ಅಷ್ಟರಲ್ಲೇ ಎರಡು ಸ್ಥಾನ ಪಡೆದು ಮಾತುಕತೆಯ ಮೇಜಿಗೆ ಹೋದರು. 1998ರ ಒಪ್ಪಂದದಲ್ಲಿ ಹಿಂಸೆಗೆ ಬಲಿಯಾದವರ ವಿಷಯ, ಎರಡೂ ಸಮುದಾಯದ ಮಕ್ಕಳು ಒಟ್ಟಿಗೆ ಓದುವ ಶಾಲೆಗಳ ವಿಷಯ ಬರಲು ಅವರು ಹೋರಾಡಿದರು. ಈ ಎರಡು ಕಡೆಯೂ ಕೆಲಸ ಮಾಡಿದ್ದು ಒಂದೇ ಸಂಗತಿ: ಸಂಘಟನೆಯ ಒಳಗೇ ಎರಡೂ ಸಮುದಾಯಗಳಿದ್ದವು. ಮೇಜಿಗೆ ಹೋಗುವ ಮೊದಲೇ ಅವರು ತಮ್ಮೊಳಗೆ ಜಗಳವಾಡಿ ಮುಗಿಸಿದ್ದರು.

ನಮ್ಮಲ್ಲಿ ಅಂಥ ಒಳಜಗಳಕ್ಕೆ ಜಾಗವೆಲ್ಲಿದೆ? ಹುಡುಕಿದರೆ ಇದೆ. ಬಂದೇನವಾಜ್ ದರ್ಗಾಕ್ಕೂ ಶರಣಬಸವೇಶ್ವರ ಗುಡಿಗೂ ಹರಕೆ ಹೊರುವವರು ಒಬ್ಬರೇ ಹೆಂಗಸರು. ಹಳ್ಳಿಯ ಮೊಹರಂ ಅಲಾಯಿ ಕುಣಿಗೆ ಉಪ್ಪು ಹಾಕುವವರು ಎಲ್ಲ ಓಣಿಯವರು. ಖಾತ್ರಿ ಕೆಲಸದಲ್ಲಿ ಒಂದೇ ಬುಟ್ಟಿಯ ಎರಡು ಕಡೆ ಶರಣಮ್ಮನೂ ಇರುತ್ತಾಳೆ, ಶಬಾನಾಳೂ ಇರುತ್ತಾಳೆ. ಅಂಗನವಾಡಿ, ಆಶಾ, ಬಿಸಿಯೂಟದ ಕಾರ್ಯಕರ್ತೆಯರು ಗೌರವಧನಕ್ಕಾಗಿ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂರುವಾಗ ಜಾತಿ ನೋಡಿ ಸಾಲು ಮಾಡುವುದಿಲ್ಲ. ಆಶಾ ಕಾರ್ಯಕರ್ತೆ ಪ್ರತಿ ಓಣಿಯ ಪ್ರತಿ ಬಾಣಂತಿಯ ಮನೆಯೊಳಗೆ ಹೋಗಬಲ್ಲಳು; ಶಾಂತಿ ಸಭೆಯ ಫೋಟೊದಲ್ಲಿರುವ ಯಾವ ಮುಖಂಡನೂ ಹೋಗಲಾರ. ಯಾವ ಹುಡುಗ ಯಾವ ವಾಟ್ಸ್ಆ್ಯಪ್ ಗುಂಪಿನಲ್ಲಿದ್ದಾನೆ, ಯಾವ ಮನೆಯಲ್ಲಿ ಕಲ್ಲು ಶೇಖರವಾಗುತ್ತಿದೆ, ಯಾವ ಸುದ್ದಿ ಸುಳ್ಳು ಎಂಬುದು ಅವಳಿಗೆ ಪೊಲೀಸರಿಗಿಂತ ಎರಡು ದಿನ ಮೊದಲೇ ಗೊತ್ತಾಗುತ್ತದೆ. ಅವಳನ್ನು ಪೊಲೀಸ್ ಮಾಹಿತಿದಾರಳಾಗಿ ಮಾಡಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಮರುದಿನವೇ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಅವಳನ್ನು ಸಭೆಯಲ್ಲಿ ಕೂರಿಸಿ, ಅವಳ ಮಾತನ್ನು ನಡಾವಳಿಯಲ್ಲಿ ಬರೆಯಿರಿ ಎನ್ನುತ್ತಿದ್ದೇನೆ.

ಗ್ರಾಮ ಪಂಚಾಯಿತಿಗಳಲ್ಲಿ 2010ರಿಂದ ಅರ್ಧದಷ್ಟು ಸ್ಥಾನ ಹೆಂಗಸರದು. ಅಂದರೆ ಚುನಾಯಿತ ಹೆಂಗಸರನ್ನು ಎಲ್ಲಿ ಹುಡುಕುವುದು ಎಂಬ ನೆಪಕ್ಕೆ ಜಾಗವಿಲ್ಲ. ಆದರೂ ಶಾಂತಿ ಸಭೆಗೆ ಕರೆ ಹೋದಾಗ ಬರುವವರು ‘ಅಧ್ಯಕ್ಷರ ಯಜಮಾನರು’. ಕರೆ ಕೊಡುವ ಅಧಿಕಾರಿಗಳು ಒಂದು ಸಾಲು ಸೇರಿಸಿದರೆ ಇದು ನಿಲ್ಲುತ್ತದೆ: ಚುನಾಯಿತ ಸದಸ್ಯೆ ಖುದ್ದಾಗಿ ಬರಬೇಕು, ಜೊತೆಗೆ ಪ್ರತಿ ಓಣಿಯ ಸಂಘದಿಂದ ಇಬ್ಬರು. ಇದಕ್ಕೆ ಹೊಸ ಕಾಯ್ದೆಯೂ ಬೇಡ, ಅನುದಾನವೂ ಬೇಡ.

ಹೋದ ವರ್ಷ ಆ ಆಳಂದ ತಾಲೂಕಿನ ಸಂಘದವರು ಹಬ್ಬದ ಮುಂಚೆ ಠಾಣೆಗೆ ಹೋಗಿ, ನಮ್ಮನ್ನೂ ಸಭೆಗೆ ಕರೆಯಿರಿ ಎಂದು ಕೇಳಿದರು. ಹನ್ನೊಂದು ಹೆಂಗಸರು, ಮೂರು ಓಣಿಯವರು. ಅವರಲ್ಲಿ ನಾಲ್ವರು ಮುಸ್ಲಿಮರು. ಅಧಿಕಾರಿ ಸೌಜನ್ಯದಿಂದಲೇ ಮಾತಾಡಿದರು. ಬರಬಹುದು, ಯಾರು ಬೇಡವೆಂದರು ಎಂದರು. ಸಭೆ ಸಂಜೆ ಏಳು ಗಂಟೆಗೆ ಇತ್ತು. ಏಳು ಗಂಟೆ ಎಂದರೆ ಹೊಲದಿಂದ ಬಂದು, ನೀರು ತುಂಬಿ, ಒಲೆ ಹಚ್ಚಿ ರೊಟ್ಟಿ ಬಡಿಯುವ ಹೊತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನನ್ನು ಮಣಿಪುರದ ಬಗ್ಗೆ ಕೇಳಿದ್ದ ಆ ಹಿರಿಯರೇ ಮುಂದೆ ಬಂದು ಹೇಳಿದರು: ‘ಸಾಹೇಬರೇ, ಸಭೆಯನ್ನು ಮಧ್ಯಾಹ್ನ ಎರಡು ಗಂಟೆಗೆ ಇಟ್ಟುಕೊಳ್ಳಿ. ಎಲ್ಲ ಓಣಿಯಿಂದ ಬರುತ್ತೇವೆ. ಮಕ್ಕಳನ್ನೂ ಕರೆತರುತ್ತೇವೆ, ಬಿಟ್ಟು ಬರಲು ಆಗುವುದಿಲ್ಲ.’

ಅಧಿಕಾರಿ ಡೈರಿ ತೆಗೆದು ಸಮಯ ಬರೆದುಕೊಂಡರು.